ನಮ್ಮ ಗಾಡಿಯ ಎಣ್ಣೆ ಚಟ

ಅಡುಗೆಮನೆಯಲ್ಲಿ ತೆಂಗಿನೆಣ್ಣೆ ತಿಂಗಳಿಗೆ ಎರಡು ಲೀಟರ್ ದಾಟಿದರೆ ಲೆಕ್ಕ ಕೇಳುವ ನಾನು, ಹೋದ ತಿಂಗಳು ನನ್ನ ಪಿಕಪ್ ಗಾಡಿಗೆ ಮೂರು ಲೀಟರ್ ಎಂಜಿನ್ ಆಯಿಲ್ ಕುಡಿಸಿದೆ. ಹಳೆಯದನ್ನು ತೆಗೆದು ಹೊಸದು ತುಂಬಿದ ಲೆಕ್ಕವಲ್ಲ ಇದು. ದಿನಾ ಬೆಳಿಗ್ಗೆ ಮೇಲಿಂದ ಮೇಲೆ ಸುರಿದದ್ದು ಮಾತ್ರ. ಓಡಿದ್ದೋ 1,300 ಕಿಲೋಮೀಟರ್. ಮುಂಬಯಿಯ ಘಾಟ್ಕೋಪರಿನಿಂದ ತುರ್ಭೆಯ ಮಾರ್ಕೆಟ್, ಅಲ್ಲಿಂದ ಬಾಳೆಎಲೆ, ತೆಂಗಿನಕಾಯಿ ಹೇರಿಕೊಂಡು ವಾಶಿ ಖಾಡಿಯ ಸೇತುವೆ ದಾಟಿ ಮಾಟುಂಗಾದ ಹೋಟೆಲುಗಳು, ಮತ್ತೆ ಮನೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಖರ್ಚಾಗುವುದು ಸಹಜ ಎಂದು ಕೆಲವು ಗಾಡಿ ಕಂಪನಿಗಳು ಕೈತೊಳೆದುಕೊಳ್ಳುತ್ತವೆ. ನಮ್ಮದು ಅವರ ಔದಾರ್ಯವನ್ನೂ ಮೀರಿತ್ತು.

ಹೆಂಡತಿ ಊರಿಗೆ ಫೋನು ಮಾಡಿ, "ಬೆಳಿಗ್ಗೆ ಎದ್ದ ಕೂಡಲೇ ಎಣ್ಣೆ ಬೀಳದಿದ್ದರೆ ಹೊರಡುವುದೇ ಇಲ್ಲ ಅಮ್ಮ, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದೆ" ಎಂದಳಂತೆ. ಯಾರು ಎಂದು ಇವಳು ಹೇಳಲಿಲ್ಲ, ಅವರು ಕೇಳಲಿಲ್ಲ. ನನ್ನ ಹೆಸರಿನಲ್ಲಿ ಧರ್ಮಸ್ಥಳಕ್ಕೆ ಹರಕೆ ಹೊತ್ತ ಸುದ್ದಿ ಬಂದ ಮೇಲೆಯೇ ವಿಷಯ ತಿಳಿದದ್ದು.

ಹೊಗೆ ನೀಲಿ. ಡೀಸೆಲ್ ಹೆಚ್ಚಾದರೆ ಕಪ್ಪು ಹೊಗೆ, ಎಣ್ಣೆ ಸುಟ್ಟರೆ ನೀಲಿ. ಇಷ್ಟು ನನಗೂ ಗೊತ್ತು, ಮಾಟುಂಗಾದ ನಮ್ಮ ಹೋಟೆಲ್ ಮ್ಯಾನೇಜರಿಗೂ ಗೊತ್ತು. "ನಿಮ್ಮ ಹೊಗೆ ನಮ್ಮ ದೋಸೆಗೆ ಹಿಡಿಯುತ್ತಿದೆ ಮಾರಾಯರೇ" ಎಂದು ಅವರೇ ಒಬ್ಬ ಮೆಕ್ಯಾನಿಕ್‌ನನ್ನು ಗಲ್ಲಿಗೆ ಕರೆಸಿದರು.

ಆತ ಸ್ಪ್ಯಾನರ್ ಮುಟ್ಟುವ ಜಾತಿಯವನಲ್ಲ. ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿದ. ಆ ತೂತಿನ ಮೇಲೆ ಬಲ ಅಂಗೈ ಇಟ್ಟು ಕಣ್ಣು ಮುಚ್ಚಿದ. ನಾಡಿ ಹಿಡಿದ ಪಂಡಿತರ ಹಾಗೆ ಒಂದು ನಿಮಿಷ ಮೌನ. ಆಮೇಲೆ, "ಬ್ಯಾಕ್ ಕಂಪ್ರೆಷನ್" ಎಂದ. ಪಿಸ್ಟನ್ ರಿಂಗು ಸವೆದು ಒತ್ತಡ ಕೆಳಕ್ಕೆ ಸೋರಿ ಈ ತೂತಿನಿಂದ ಹೊರಬರುತ್ತಿದೆ, ಎಂಜಿನ್ ಇಳಿಸಬೇಕು, 45,000 ರೂಪಾಯಿ. ನಾನು ಅನುಮಾನದಿಂದ ನೋಡಿದೆ. ಕೂಡಲೇ ನನ್ನ ಕೈ ಹಿಡಿದೆಳೆದು ತೂತಿನ ಮೇಲಿಟ್ಟ. ಪುಸ್ ಪುಸ್ ಎಂದು ಬಿಸಿ ಗಾಳಿ. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ. ಅಷ್ಟಕ್ಕೆ ಬಿಟ್ಟನೇ? ಮ್ಯಾನೇಜರ್ ಕೈ ಇಟ್ಟರು, ಹೌದು. ಟೀ ತಂದ ಹುಡುಗ ಕೈ ಇಟ್ಟ, ಹೌದು. ಹೂವಿನ ಪುಡಿಕೆ ಹಿಡಿದು ದೇವಸ್ಥಾನಕ್ಕೆ ಹೊರಟಿದ್ದ ಹಿರಿಯರೊಬ್ಬರು ಸರತಿ ಕಂಡು ಪ್ರಸಾದವೆಂದುಕೊಂಡರೋ ಏನೋ, ಚಪ್ಪಲಿ ಕಳಚಿ ಕೈ ಚಾಚಿದರು. ಅವರಿಗೂ ಹೌದು ಅನ್ನಿಸಿತು. ಐದು ಅಂಗೈಗಳ ಸರ್ವಾನುಮತದಲ್ಲಿ ನನ್ನ ಎಂಜಿನ್ ಸತ್ತಿದೆ ಎಂದು ತೀರ್ಮಾನವಾಯಿತು. ಆ ಐವರಲ್ಲಿ ದುಡ್ಡು ಕೊಡಬೇಕಾದವನು ಒಬ್ಬನೇ.

ಮುಂದಿನ ವಾರವೆಲ್ಲ ಸಲಹೆಗಳು. ಟರ್ಬೊ ಹೋಗಿದೆ ಎಂದರು ಭಾವ. ದಪ್ಪ ಎಣ್ಣೆ ಹಾಕು ಎಂದ ಪಕ್ಕದ ಟೆಂಪೊದವನು. ಮಾರಿಬಿಡಿ ಎಂದಳು ಹೆಂಡತಿ. ಮಾರಲು ಮನಸ್ಸು ಬರಲಿಲ್ಲ. ಅಪ್ಪ ಇದೇ ಬಾಳೆಎಲೆಯ ಕಟ್ಟುಗಳನ್ನು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ತಂದು, ಮಾಟುಂಗಾ ಸ್ಟೇಷನ್ನಿನ ಮೆಟ್ಟಿಲನ್ನು ತಲೆಹೊರೆಯಲ್ಲಿ ಏರಿಳಿದವರು. ಅವರ ಗಾಡಿಗೆ ಬೇಕಾಗಿದ್ದ ಎಣ್ಣೆಯೆಂದರೆ ರಾತ್ರಿ ಅಮ್ಮ ನೆತ್ತಿಗೆ ತಟ್ಟುತ್ತಿದ್ದ ಅರ್ಧ ಚಮಚ. ನಾನು ಈ ಪಿಕಪ್ ತಂದ ದಿನ ಅಪ್ಪ ಹಿಂದಿನ ಹಲಗೆಯ ಮೇಲೆ ಒಂದು ಎಲೆ ಹಾಸಿ, ಅದರ ಮೇಲೆ ಸುಮ್ಮನೆ ಕೈ ಆಡಿಸುತ್ತ ನಿಂತಿದ್ದರು.

ಕೊನೆಗೆ ತುರ್ಭೆಯಲ್ಲಿ ಲಾರಿಗಳ ಅಡಿಯಲ್ಲೇ ಕೂದಲು ನರೆತ ಒಬ್ಬ ಮಿಸ್ತ್ರಿ ಸಿಕ್ಕಿದ. ಮುಚ್ಚಳ ಬಿಚ್ಚುವ ಮುಂಚೆ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ನಿಂತ ಜಾಗದಲ್ಲಿ ತೊಟ್ಟಿಕ್ಕುತ್ತದೆಯೇ? ರಾತ್ರಿ ಅಡಿಗೆ ರಟ್ಟು ಹಾಸಿ ನೋಡಿದ್ದೆ, ಒಣಗಿಯೇ ಇತ್ತು. ಹೊಗೆ ಯಾವಾಗ? ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ಬುಸ್ ಎಂದು, ಆಮೇಲೆ ಓಡುವಾಗಲೂ. ಎಣ್ಣೆ ಯಾವಾಗ ಅಳೆಯುತ್ತೀರಿ, ಎಲ್ಲಿ?

ದಿನಾ ನಾಲ್ಕು ಗಂಟೆಗೆ, ಮನೆಯ ಮುಂದೆ ಎಂದೆ. ನಮ್ಮ ಮನೆಯಿರುವುದು ಘಾಟ್ಕೋಪರಿನ ಅಸಲ್ಫಾದ ಏರಿನಲ್ಲಿ. ಗಾಡಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಎಣ್ಣೆಯೆಲ್ಲ ಹಿಂದಕ್ಕೆ ಸರಿಯುತ್ತದೆ. ಅಳತೆಯ ಕಡ್ಡಿ ಇರುವುದು ಮುಂದೆ. ಕಡ್ಡಿಗೆ ತಾಗದ ಎಣ್ಣೆಯನ್ನು ಇಲ್ಲವೆಂದು ತಿಳಿದು ನಾನು ದಿನಾ ಸುರಿದೆ. ಹೆಚ್ಚಾದದ್ದನ್ನು ಎಂಜಿನ್ ಅಡಿಯಲ್ಲಿ ತಿರುಗುವ ಕ್ರ್ಯಾಂಕ್ ಕಡೆದು ನೊರೆ ಮಾಡಿತು, ಆ ನೊರೆ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನೊಳಗೆ ನುಗ್ಗಿ ಗಾಳಿಯ ಜೊತೆ ಎಂಜಿನ್ನಿಗೇ ಹೋಗಿ ಸುಟ್ಟಿತು. ಮಾರನೆಯ ದಿನ ಕಡ್ಡಿ ಮತ್ತೆ ಒಣ, ನಾನು ಮತ್ತೆ ಡಬ್ಬಿ. ಮಿಸ್ತ್ರಿ ಬ್ರೀದರ್ ಕಳಚಿ ಸರಿಗೆ ಹಾಕಿ ಎಳೆದ. ಕಪ್ಪು ಹಲ್ವದಂಥ ಉಂಡೆಯೊಂದು ನನ್ನ ಚಪ್ಪಲಿಯ ಮೇಲೆಯೇ ಬಿತ್ತು. ಒಳಗಿನ ಗಾಳಿಗೆ ಹೊರಡಲು ದಾರಿ ಸಾಲದೆ ಅದು ಮುಚ್ಚಳದ ತೂತಿನಲ್ಲಿ ಐದು ಜನರ ಅಂಗೈ ನೆಕ್ಕಿತ್ತು, ಅಷ್ಟೇ. ಕಂಪ್ರೆಷನ್ ಪರೀಕ್ಷೆಯೂ ಮಾಡಿಸಿದೆವು. ಒತ್ತಡ ಸರಿಯಾಗಿಯೇ ಇತ್ತು, ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಸಮ; ಅಂದರೆ ರಿಂಗು ಸವೆದಿರಲಿಲ್ಲ. ಹೊಸ ಪೈಪು, ಅದರ ವಾಲ್ವು, ಕೂಲಿ ಎಲ್ಲ ಸೇರಿ 1,100 ರೂಪಾಯಿ.

ಈಗ ತುರ್ಭೆಯ ಸಮತಟ್ಟಿನಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಅಳೆಯುತ್ತೇನೆ. ಮೂರು ವಾರವಾಯಿತು, ಡಬ್ಬಿ ಮುಟ್ಟಿಲ್ಲ. ಬೆಳಗಿನ ಆ ಒಂದು ಬುಸ್ ಹೊಗೆ ಮಾತ್ರ ಇದೆ; ಎಂಜಿನ್ನಿನ ವಾಲ್ವ್ ಸೀಲು ಹಳತಾಗಿದೆ, ಚೌತಿಯ ಗಡಿಬಿಡಿ ಮುಗಿದ ಮೇಲೆ ಬದಲಾಯಿಸಬೇಕು. ಎಲ್ಲರಿಗೂ ಹೇಳಿ ಆಯಿತು, ಯಾರೂ ನಂಬಿಲ್ಲ. ಇವತ್ತು ಮಾಟುಂಗಾದಲ್ಲಿ ಬಾನೆಟ್ ಎತ್ತಿದ್ದೇ ತಡ, ಮ್ಯಾನೇಜರ್ ಗಲ್ಲಾ ಬಿಟ್ಟು ಬಂದು ಬಲಗೈ ಒರೆಸಿಕೊಳ್ಳುತ್ತ ನಿಂತರು. ನಾನು ನೀರು ಹಾಕಿ ಬಾನೆಟ್ ಮುಚ್ಚಿದೆ. ಬಹಳ ಬೇಸರವಾಯಿತು ಅವರಿಗೆ.