ರಿಪೋರ್ಟ್ ಚೆನ್ನಾಗಿದೆಯಂತೆ, ಮನುಷ್ಯರ ಕಥೆ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲೇ ಕಾರಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ನಮ್ಮತ್ತೆಯ ಶುಗರ್ ಪುರಾಣ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಹಾಸನದಲ್ಲಿ ಡಾಕ್ಟರ್ ಎಚ್‌ಬಿಎ1ಸಿ ಅನ್ನೋ ರಕ್ತದ ಸಕ್ಕರೆ ಟೆಸ್ಟಿನ ರಿಪೋರ್ಟ್ ನೋಡಿದರು, 6.8. "ಸೂಪರ್ ಅಮ್ಮಾ, ಆರಾಮಾಗಿದೀರಾ, ಇದೇ ಮಾತ್ರೆ ಮುಂದುವರಿಸಿ." ಹೇಗಿದೀರಾ ಅಂತ ಕೇಳಲಿಲ್ಲ, ಅವರೇ ಹೇಳಿಬಿಟ್ಟರು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಟೋಕನ್ ಕೂಗಿ ಆಯ್ತು.

ಆ 6.8 ಸುಳ್ಳಲ್ಲ. ಸುಮಾರು ಮೂರು ತಿಂಗಳ ಸರಾಸರಿ ಅದು, ಏಳರೊಳಗಿದ್ದರೆ ಜಾಸ್ತಿ ಜನಕ್ಕೆ ಒಳ್ಳೆಯದೇ. ಆದರೆ ಅಂಗಾಲು ಉರಿ ತಾಳಲಾರದೆ ನಡುರಾತ್ರಿ ಎದ್ದು ತಣ್ಣೀರಿನ ಬಕೆಟ್‌ನಲ್ಲಿ ಕಾಲಿಟ್ಟು ಕೂರುವುದು ಅದರಲ್ಲಿ ಕಾಣುತ್ತದಾ? ಪದೇ ಪದೇ ಬಾತ್‌ರೂಮ್ ಹುಡುಕಬೇಕಲ್ಲ ಅಂತ ಮದುವೆ, ನಾಮಕರಣ ಎಲ್ಲಾ ಬಿಟ್ಟಿದ್ದು? ಹಾಸನಾಂಬೆ ಬಾಗಿಲು ತೆಗೆಯುವುದೇ ವರ್ಷಕ್ಕೊಮ್ಮೆ. ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಿದ್ದ ಹೆಂಗಸು ಈ ಸಲ ಟಿವಿಗೆ ಕೈ ಮುಗಿದರು. ಆರಾಮಂತೆ!

ಕಾಯಿಲೆ ಇಲ್ಲ ಅಂದಮಾತ್ರಕ್ಕೆ ಅದು ಆರೋಗ್ಯ ಅಲ್ಲ, ದೇಹ, ಮನಸ್ಸು, ನಾಲ್ಕು ಜನರೊಂದಿಗಿನ ಬದುಕು ಎಲ್ಲವೂ ಚೆನ್ನಾಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ಹೇಳಿದೆ. ಯಾರು ಓದಿದ್ದಾರೋ.

ಉಲ್ಟಾನೂ ಇದೆ. ನಮ್ಮ ಬೀದಿಯ ಅಣ್ಣ ಒಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಆಸ್ಪತ್ರೆಯವರು ಅಯ್ಯೋ ಪಾಪ ಅನ್ನುತ್ತಾರೆ. ಇವರು "ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅಂತ ನಮಗೇ ಬೈಯುತ್ತಾರೆ. ಅವರನ್ನೂ ಯಾರೂ ಕೇಳಿಲ್ಲ.

"ಓಪಿಡಿಯಲ್ಲಿ ಅಷ್ಟು ಜನ, ಟೈಮ್ ಎಲ್ಲಿ" ಅಂತ ಡಾಕ್ಟರ್ ಗೆಳೆಯರು ಈಗ ಬರುತ್ತೀರಿ, ಗೊತ್ತು. ರಶ್ ಇದೆ, ಒಪ್ಪಿದೆ. ಆ ಡಾಕ್ಟರ್‌ಗೆ ಫೋನ್ ಬಂದಾಗ ಮಾತಾಡೋಕೆ ಟೈಮ್ ಇತ್ತಲ್ಲ? ಹೋಗಲಿ, ಇಕ್ಯೂ-5ಡಿ ಅಂತ ಒಂದು ಪ್ರಶ್ನೆಪಟ್ಟಿ ಇದೆ, ಐದೇ ವಿಷಯ: ಓಡಾಟ, ಸ್ನಾನ-ಬಟ್ಟೆ ತಾವೇ ಮಾಡಿಕೊಳ್ಳುವುದು, ದಿನದ ಕೆಲಸ, ನೋವು, ಆತಂಕ-ಬೇಸರ. ಕೊನೆಗೆ ಇವತ್ತಿನ ಆರೋಗ್ಯಕ್ಕೆ ನೂರಕ್ಕೆ ಎಷ್ಟು ಅಂತ ಅಂಕ ಹಾಕಬೇಕು, ಹಾಕುವವರು ರೋಗಿ. ಹೊರಗೆ ಬೆಂಚಿನ ಮೇಲೆ ಸುಮ್ನೆ ಕಾಯುತ್ತೇವಲ್ಲ, ಆಗ ತುಂಬಿಸಿದರಾಯ್ತು. ಅತ್ತೆಗೆ ಇದನ್ನೇ ಕೇಳಿದೆ. "ನಲವತ್ತು ಹಾಕು" ಅಂದರು. ಆಮೇಲೆ "ಡಾಕ್ಟರ್‌ಗೆ ಹೇಳ್ಬೇಡ, ಪಾಪ ಖುಷಿಯಾಗಿದ್ರು" ಅಂತ ಬೇರೆ!

ಹೇಳದೆ ಬಿಡುತ್ತೇನಾ? ಮುಂದಿನ ಸಲ ಎಲ್ಲಾ ಒಂದು ಹಾಳೆಯಲ್ಲಿ ಬರೆದು, ರಿಪೋರ್ಟ್ ಮೇಲೇ ಪಿನ್ ಹೊಡೆದು ಮುಂದಿಡುತ್ತೇನೆ. ಓದದೆ ಪಕ್ಕಕ್ಕಿಟ್ಟರೆ ಇನ್ನೊಂದು ಪೋಸ್ಟ್ ಬರುತ್ತದೆ, ಇದಕ್ಕಿಂತ ಉದ್ದ.