ರೇಷ್ಮೆಗೂಡಿನ ಹಾರಕ್ಕೆ ಬೆಲೆ ಕಟ್ಟುವ ಬಗೆ

ರೇಷ್ಮೆಗೂಡಿನ ಹಾರ, ಹೂಗುಚ್ಛ, ಬಾಗಿಲ ತೋರಣಗಳನ್ನು ಹವ್ಯಾಸಕ್ಕೆಂದು ಮಾಡುತ್ತಿದ್ದವರು ಅದನ್ನೇ ಮನೆಯ ಸಣ್ಣ ಉದ್ಯೋಗವಾಗಿಸಲು ಹೊರಟಾಗ ನಮ್ಮ ಚಿಕ್ಕಬಳ್ಳಾಪುರದಲ್ಲಿ ಪದೇ ಪದೇ ಕೇಳಬೇಕಾಗುವ ಮಾತೊಂದಿದೆ: "ಬಿಸಾಡೋ ಗೂಡಲ್ಲಿ ಮಾಡಿದ್ದಲ್ವೇನಮ್ಮಾ, ಇದಕ್ಕೆ ಇಷ್ಟೊಂದು ರೇಟಾ?" ಈ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರಿಸಲು ಬಾರದೆ ಯಾರೂ ಈ ಕೆಲಸದಲ್ಲಿ ಬಹಳ ಕಾಲ ನಿಲ್ಲಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೂಡು ಅಗ್ಗವೆಂಬುದು ನಿಜ. ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಗೂಡಿನಿಂದ ಚಿಟ್ಟೆ ಹೊರಬರಲು ಬಿಡುತ್ತಾರೆ. ಅದು ತನ್ನ ಬಾಯಿಯಿಂದ ಒಸರುವ ದ್ರವದಿಂದ ಗೂಡಿನ ತುದಿಯನ್ನು ಮೆತ್ತಗಾಗಿಸಿ ತೂತು ಮಾಡಿಕೊಂಡು ಬರುತ್ತದೆ. ಬೈವೋಲ್ಟೀನ್ ಎಂಬ ಬಿಳಿ ಗೂಡಿನ ತಳಿಯ ಒಳ್ಳೆಯ ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಎಳೆಯಿದ್ದರೂ, ತೂತಾದ ಮೇಲೆ ಅದು ಒಂದೇ ಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳಿಗೆ ಆ ಗೂಡು ಬೇಡ. ನಮಗೆ ಬೇಕಾದದ್ದು ಅದೇ.

ಆದರೆ ಗೂಡು ಮನೆಗೆ ಬಂದ ಮೇಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗೆ ಉಳಿದ ಪೊರೆ, ಕಲೆಗಳನ್ನು ತೆಗೆಯದಿದ್ದರೆ ವಾಸನೆ ಹಿಡಿದು, ಮುಂದೆ ಹುಳು ಬೀಳುತ್ತದೆ. ನಮ್ಮ ಸೀಮೆಯ ಮಿಶ್ರತಳಿಯ ಹಳದಿ ಗೂಡಿನ ಮೇಲೆ ತಿಳಿಗುಲಾಬಿ, ಆಕಾಶನೀಲಿಗಳು ಸರಿಯಾಗಿ ಕೂರುವುದಿಲ್ಲ; ಅವಕ್ಕೆ ಬಿಳಿ ಗೂಡನ್ನೇ ಆರಿಸಬೇಕು. ಬಣ್ಣ ಚೆನ್ನಾಗಿ ಹತ್ತಲೆಂದು ಹೆಚ್ಚು ಹೊತ್ತು ಕುದಿಸಿದರೆ ಗೂಡಿನ ಅಂಟು ಸಡಿಲವಾಗಿ ಆಕಾರವೇ ಕೆಡುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಕತ್ತರಿಯಿಂದ ಎಸಳಾಗಿ ಬಿಡಿಸಿ ಹೂ ಕಟ್ಟಬೇಕು. ಸಾಮಗ್ರಿ ಅಗ್ಗವಾದಷ್ಟೂ ಬೆಲೆಯಲ್ಲಿ ಕೈಗೆಲಸದ ಪಾಲೇ ದೊಡ್ಡದು. ಆ ಪಾಲನ್ನು ಬಿಟ್ಟುಕೊಟ್ಟರೆ ಮಾರುವುದಕ್ಕೆ ಉಳಿಯುವುದು ನಿಜವಾಗಿಯೂ ಬಿಸಾಡುವ ಗೂಡು ಮಾತ್ರ.

ಒಂದು ಹಾರಕ್ಕೆ ಐದು ಗಂಟೆ ಹಿಡಿಯುತ್ತದೆಂದುಕೊಳ್ಳೋಣ. ಗಂಟೆಗೆ 60 ರೂಪಾಯಿ ಕೂಲಿ ಹಿಡಿದರೂ 300, ಗೂಡು, ಬಣ್ಣ, ಮಣಿ, ದಾರಕ್ಕೆ 80, ಡಬ್ಬಿ ಮತ್ತು ಓಡಾಟಕ್ಕೆ 40, ಒಟ್ಟು 420. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇಕಡಾ 20 ಕಮಿಷನ್ ಕೇಳಿದರೆ, ಅನೇಕರು 420ಕ್ಕೆ ಶೇಕಡಾ 20 ಸೇರಿಸಿ 504 ರೂಪಾಯಿಯ ಚೀಟಿ ಅಂಟಿಸುತ್ತಾರೆ. ಕಮಿಷನ್ ಕಳೆದ ಮೇಲೆ ಕೈಗೆ ಬರುವುದು 403 ಮಾತ್ರ, ನಷ್ಟವಾಗುವುದು ಕೂಲಿಯಿಂದಲೇ. 420 ಪೂರ್ತಿ ಉಳಿಯಬೇಕಾದರೆ ಬೆಲೆ 525 ಇರಬೇಕು. ಬಂಧುಗಳಿಗೆ ಕೊಡುವಾಗಲೂ ಈ ಲೆಕ್ಕ ಬದಲಾಗಬಾರದು. ಪ್ರೀತಿಯಿದ್ದರೆ ಪೂರ್ತಿ ಉಡುಗೊರೆಯಾಗಿಯೇ ಕೊಡಿ, ಆದರೆ ಅರ್ಧ ಬೆಲೆಗೆ ಮಾರಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನೆಯಲ್ಲಿ ಬೇರೆ ಸಂಪಾದನೆಯಿದ್ದು, ಹೊತ್ತು ಕಳೆಯಲೆಂದು ಹಾರ ಮಾಡುವವರು ಸಾಮಗ್ರಿಯ ಖರ್ಚು ಬಂದರೆ ಸಾಕೆಂದು 150 ರೂಪಾಯಿಗೆ ಮಾರಿದಾಗ ಅವರಿಗೇನೂ ಕಷ್ಟವಾಗುವುದಿಲ್ಲ. ಪಕ್ಕದ ಬೀದಿಯಲ್ಲಿ ಇದೇ ಹಾರ ಮಾರಿ ಮಕ್ಕಳ ಶಾಲೆಯ ಫೀಸು ಕಟ್ಟುವ ಹೆಣ್ಣುಮಗಳಿಗೆ ಮಾತ್ರ ಮರುದಿನದಿಂದ ಗಿರಾಕಿಗಳು ಅದೇ 150ನ್ನು ತೋರಿಸಿ ಚೌಕಾಸಿ ಮಾಡುತ್ತಾರೆ. ಹವ್ಯಾಸದವರ ಔದಾರ್ಯ ಇನ್ನೊಬ್ಬರ ಕೂಲಿಯಿಂದ ಹೋಗಬಾರದೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಕಾಗದಪತ್ರಗಳ ಬಗ್ಗೆ ಅನವಶ್ಯಕ ಭಯ ಬೇಡ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮೊಬೈಲಿನಲ್ಲಿಯೇ ಮಾಡಿಕೊಳ್ಳಬಹುದು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲ ಸಿಗುತ್ತದೆ. ಆದರೂ ಮೊದಲ ವರ್ಷ ಸಾಲವಿಲ್ಲದೆ, ಬಂದ ಹಣದಲ್ಲೇ ಗೂಡು ಕೊಂಡು ನಡೆಸುವುದು ಮೇಲೆಂದು ನನಗನ್ನಿಸುತ್ತದೆ, ಏಕೆಂದರೆ ಈ ಕೆಲಸಕ್ಕೆ ಯಂತ್ರ ಬೇಕಿಲ್ಲ.

ಕೊನೆಯದಾಗಿ, ಸಂಘಸಂಸ್ಥೆಗಳವರಲ್ಲಿ ಒಂದು ವಿನಂತಿ. ರಾಜ್ಯೋತ್ಸವದ ಸನ್ಮಾನಕ್ಕೆ ಅಕ್ಟೋಬರ್ ಕೊನೆಯ ವಾರದಲ್ಲಿ ಐವತ್ತು ಹಾರ ಕೇಳಿದರೆ ಯಾವ ಮನೆಯಲ್ಲೂ ಆಗದ ಮಾತು. ಸೆಪ್ಟೆಂಬರಿನಲ್ಲಿಯೇ ಹೇಳಿ, ಅರ್ಧ ಹಣ ಮುಂಗಡವಾಗಿ ಕೊಡಿ, ಉಳಿದದ್ದನ್ನು ಹಾರ ಕೈಸೇರಿದ ದಿನವೇ ತೀರಿಸಿ.