ಶ್ರೀ ಅನ್ವಯಿಸುವುದಿಲ್ಲ ಅವರ ಸಹಿ ಬೇಕಾಗಿದೆ

ಮಂಗಳೂರಿನಲ್ಲಿ ಮಗುವಿನ ಅಪ್ಪ ಇಲ್ಲ ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಒಂದೋ ದುಬೈಯಲ್ಲಿರುತ್ತಾರೆ, ಇಲ್ಲವೇ ಶಿಪ್ಪಿನಲ್ಲಿ, ಎರಡೂ ಅಲ್ಲದಿದ್ದರೆ ಮುಂಬೈ ಹೋಟೆಲಿನ ಗಲ್ಲಾದಲ್ಲಿ. ಹಾಗಾಗಿ ಮಗುವನ್ನು ದತ್ತು ಪಡೆದ ಒಂಟಿ ತಾಯಿ ಅದರ ಪಾಸ್‌ಪೋರ್ಟಿಗೆಂದು ಕೌಂಟರಿನಲ್ಲಿ ನಿಂತು "ತಂದೆ ಇಲ್ಲ ಸರ್" ಎಂದರೆ ಬರುವ ಉತ್ತರವೂ ಸಹಜವಾದದ್ದೇ: "ತೊಂದರೆ ಇಲ್ಲ ಮೇಡಂ, ರಜೆಯಲ್ಲಿ ಬಂದಾಗ ಸಹಿ ಹಾಕಿಸಿ ತನ್ನಿ, ಆಯ್ತಾ?"

ಕಾನೂನು ಇಷ್ಟು ಮುಗ್ಧವಲ್ಲ. ಒಂಟಿ ವ್ಯಕ್ತಿಯೂ ದತ್ತು ಪಡೆಯಬಹುದು ಎಂದು 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗು ಕೊಡುವುದಿಲ್ಲ. ವಯಸ್ಸು 40 ದಾಟಿದ ಒಂಟಿ ಪೋಷಕರಿಗೆ ಎರಡು ವರ್ಷದೊಳಗಿನ ಮಗು ಸಿಗದು ಎಂಬಷ್ಟು ನಾಜೂಕಿನ ಲೆಕ್ಕ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ 'ಕಾರಾ'ದ 2022ರ ನಿಯಮಾವಳಿಯಲ್ಲಿದೆ. ಸಮಾಜ ಕಾರ್ಯಕರ್ತರು ಮನೆಗೇ ಬಂದು ಕೂತು, ಸಂಬಳ ಎಷ್ಟು, ಕಾಯಿಲೆ ಉಂಟಾ, ನಾಳೆ ನಿಮಗೇನಾದರೂ ಆದರೆ ಮಗು ಯಾರ ಕೈಗೆ ಎಂದೆಲ್ಲ ಕೇಳಿ ವರದಿ ಬರೆಯುತ್ತಾರೆ. ಕೊನೆಗೆ ಜಿಲ್ಲಾಧಿಕಾರಿಗಳು ದತ್ತು ಆದೇಶಕ್ಕೆ ಸಹಿ ಹಾಕುತ್ತಾರೆ. 2022ರ ಸೆಪ್ಟೆಂಬರಿಗೆ ಮೊದಲು ಇದು ಕೋರ್ಟಿನ ಕೆಲಸವಾಗಿತ್ತು. ಅಂದರೆ ಈ ಮನೆಯಲ್ಲಿ ಅಪ್ಪ ಇಲ್ಲ ಎಂದು ಸರಕಾರವೇ ಮೂಲೆಮೂಲೆ ನೋಡಿ ಖಾತ್ರಿ ಮಾಡಿಕೊಂಡು ಮಗುವನ್ನು ಕೊಟ್ಟಿರುತ್ತದೆ. ಆ ಮಗುವನ್ನು ವಿಮಾನ ಹತ್ತಿಸಲು ಹೊರಟಿರೋ, ಅದೇ ಸರಕಾರ ಅಪ್ಪನನ್ನು ಹುಡುಕಲು ಶುರುಮಾಡುತ್ತದೆ.

ಆತ ಹುಟ್ಟುವುದು ಜನನ ಪ್ರಮಾಣಪತ್ರದಲ್ಲಿ. ದತ್ತು ಮಕ್ಕಳ, ಒಂಟಿ ಪೋಷಕರ ಮಕ್ಕಳ ನೋಂದಣಿ ಸಲೀಸಾಗಲಿ ಎಂದೇ 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆದರೆ ತಂದೆಯ ಕಾಲಂ ಖಾಲಿ ಬಿಡಲು ಗುಮಾಸ್ತರಿಗೆ ಮನಸ್ಸು ಬಾರದು. ಹೋಗಲಿ ಪಾಪ ಎಂದು 'ಅನ್ವಯಿಸುವುದಿಲ್ಲ' ಎಂದು ಒತ್ತುತ್ತಾರೆ. ಇಂಗ್ಲಿಷ್ ಪ್ರತಿಯಲ್ಲಿ ಅದು 'ನಾಟ್ ಅಪ್ಲಿಕೇಬಲ್' ಆಗುತ್ತದೆ. ಮುಂದಿನ ಕಚೇರಿಯ ಕಂಪ್ಯೂಟರಿಗೆ ಎರಡು ಪದ ಕಂಡರೆ ಮೊದಲಿನದು ಹೆಸರು, ಎರಡನೆಯದು ಮನೆತನ. ಡಿಸೋಜ, ಶೆಟ್ಟಿ, ಪ್ರಭುಗಳ ನಡುವೆ ಅಪ್ಲಿಕೇಬಲ್ ಎಂಬ ಹೊಸ ಕುಟುಂಬ ಬಂದು ನೆಲೆಸುವುದು ಹೀಗೆ. ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮೊದಲೇ ಆ ಸಾಲು ಓದಿಕೊಳ್ಳಿ. ಪಾಸ್‌ಪೋರ್ಟ್ ಅರ್ಜಿಯಲ್ಲೂ ಆ ಜಾಗ ಖಾಲಿ ಇರಲಿ. ಅಲ್ಲಿ ಬರೆದದ್ದು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಗಿ ಐದು ವರ್ಷ ಜೊತೆಗಿರುತ್ತದೆ.

ಪಾಸ್‌ಪೋರ್ಟಿಗೆ ಇಬ್ಬರ ಹೆಸರೂ ಬೇಕಿಲ್ಲ, ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರದು ಸಾಕು ಎಂದು 2016ರ ಡಿಸೆಂಬರಿನಲ್ಲೇ ವಿದೇಶಾಂಗ ಸಚಿವಾಲಯ ಹೇಳಿತು. ಅರ್ಜಿಯ ಜೊತೆ ಕೊಡುವ ಅನುಬಂಧಗಳು 15 ಇದ್ದದ್ದು 9ಕ್ಕೆ ಇಳಿದವು. ಎಲ್ಲವೂ ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ, ನೋಟರಿ ಬೇಡ. ಈ ಸುದ್ದಿ ಎದುರಿನ ಜೆರಾಕ್ಸ್ ಅಂಗಡಿಗೆ ಇನ್ನೂ ತಲುಪಿಲ್ಲ. ಅವನು ಅಭ್ಯಾಸಬಲದಿಂದ ಅನುಬಂಧ 'ಡಿ' ತೆಗೆದುಕೊಡುತ್ತಾನೆ, ಅದು ಇಬ್ಬರೂ ಒಪ್ಪಿ ಸಹಿ ಹಾಕುವಂಥದ್ದು. ಒಬ್ಬರದೇ ಸಹಿ ಇರುವಾಗ ಬೇಕಾದ್ದು 'ಸಿ'. ಇನ್ನೊಬ್ಬರ ಒಪ್ಪಿಗೆ ಯಾಕಿಲ್ಲ ಎಂದು ಅದರಲ್ಲಿ ಕಾರಣ ಕೊಡಬೇಕು. ಇಲ್ಲದವರು ಯಾಕೆ ಒಪ್ಪಲಿಲ್ಲ ಎಂದು ಬರೆಯುವುದು ಸಣ್ಣ ವಿದ್ಯೆಯಲ್ಲ. 'ಒಂಟಿ ದತ್ತು ಪೋಷಕಿ' ಎಂದು ಬರೆದು ಆದೇಶದ ಸಂಖ್ಯೆ, ತಾರೀಕು ಹಾಕಿದರೆ ಮುಗಿಯಿತು. ಕಥೆ ಬರೆಯಲು ಹೋಗಬೇಡಿ, ಬರೆದಷ್ಟೂ ಪ್ರಶ್ನೆ.

ತಮಾಷೆಯೆಂದರೆ ಇದು ನಡೆಯುವುದು ತುಳುನಾಡಿನಲ್ಲಿ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ತಾಯಿಯ 'ಬರಿ', ಅಂದರೆ ಕುಲವೇ ಮಗುವಿನ 'ಬರಿ'. ಆ ಕಟ್ಟಳೆಗೆ ಮದ್ರಾಸ್ ಸರಕಾರ 1949ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತ್ತು. ಅಜ್ಜಿಯ ಮನೆಯ ಹೆಸರು ಹಿಡಿದು ಏಳು ತಲೆಮಾರು ಹೇಳಬಲ್ಲ ಮನುಷ್ಯ ಕುರ್ಚಿಯಲ್ಲಿ ಕೂತ ಕೂಡಲೇ "ಬರೀ ಅಮ್ಮನ ಹೆಸರಾ?" ಎಂದು ಹುಬ್ಬೇರಿಸುತ್ತಾನೆ. ಕಾಣದವರನ್ನು ಕರೆಸಿ ಮಾತಾಡಿಸುವ ವ್ಯವಸ್ಥೆ ಈ ಊರಿನಲ್ಲಿ ಇದೆ, ನಿಜ. ಆದರೆ ದೈವದ ದರ್ಶನದಲ್ಲಿ ಅಭಯ ಸಿಗುತ್ತದೆಯೇ ಹೊರತು ಮೂರು ಪ್ರತಿಯಲ್ಲಿ ಸಹಿ ಸಿಗುವುದಿಲ್ಲ.

ನಾಲ್ಕು ವರ್ಷದೊಳಗಿನ ಮಗುವಾದರೆ ಫೋಟೊ ನೀವೇ ಒಯ್ಯಬೇಕು: 4.5 × 3.5 ಸೆಂಟಿಮೀಟರ್, ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು. ಹೊರಡುವ ಹೊತ್ತಿಗೆ ಅಜ್ಜಿ ಕೆನ್ನೆಗೆ ಇಡುವ ನಾಲ್ಕಾಣೆ ಅಗಲದ ದೃಷ್ಟಿಬೊಟ್ಟನ್ನು ಸ್ಟುಡಿಯೋ ಬಾಗಿಲಲ್ಲೇ ಒರೆಸಿ. ಉಳಿದರೆ ಫೋಟೊ ವಾಪಸ್. ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಹತ್ತು ಶೇಕಡಾ ಕಡಿತ. ಸೇವಾ ಕೇಂದ್ರದಲ್ಲಿ 'ಎ' ಕೌಂಟರ್ ಬೆರಳು ಮುಟ್ಟುವುದು, 'ಬಿ' ಕಾಗದ ನೋಡುವುದು, 'ಸಿ' ಮುಖ ನೋಡುವುದು. ದತ್ತು ಆದೇಶ ಫೈಲಿನ ತಳದಲ್ಲಿರಲಿ, ಕೇಳಿದರೆ ಮಾತ್ರ ತೆಗೆಯಿರಿ. ಮೇಲಿಟ್ಟರೆ ಅದನ್ನು ಗಟ್ಟಿಯಾಗಿ ಓದುವ ಹುಮ್ಮಸ್ಸಿನವರು ಇರುತ್ತಾರೆ, ಮಗುವಿಗೆ ಕಿವಿ ಇರುತ್ತದೆ.

ಗಲ್ಫಿನಲ್ಲಿ ವಾಸಕ್ಕೇ ಹೋಗುವವರಿಗೆ ಇನ್ನೊಂದು ಸುತ್ತು. ಸೌದಿ, ಒಮಾನ್, ಬಹರೇನ್ ಆದರೆ ಕಾಗದಪತ್ರ ಅಸಲಿ ಎಂದು ವಿದೇಶಾಂಗ ಸಚಿವಾಲಯ ಒತ್ತುವ ಅಪೋಸ್ಟಿಲ್ ಮುದ್ರೆ ಸಾಕು; ಕುವೈತ್, ಕತಾರ್ ಆದರೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ದತ್ತುವಾಗಿ ಎರಡು ವರ್ಷ ತುಂಬಿಲ್ಲವೆಂದರೆ ಆರು ತಿಂಗಳಿಗೊಮ್ಮೆ ಮಗುವನ್ನು ನೋಡಲು ಬರುವ ದತ್ತು ಏಜೆನ್ಸಿಗೆ ಮೊದಲೇ ತಿಳಿಸಬೇಕು.

ಯುರೋಪಿನ ವೀಸಾ ಆದರೆ ಕಾಗದಪತ್ರದ ಪಟ್ಟಿಯಲ್ಲೇ 'ತಂದೆ ತಾಯಿ ಇಬ್ಬರ ಒಪ್ಪಿಗೆ' ಎಂದಿರುತ್ತದೆ. ಅಲ್ಲಿ ದತ್ತು ಆದೇಶದ ನೋಟರಿ ಪ್ರತಿಯೇ ಉತ್ತರ. ಮಳೆಗಾಲವಾದರೆ ಬೆಂಗಳೂರಿನ ಅಪಾಯಿಂಟ್‌ಮೆಂಟಿಗೆ ಒಂದು ದಿನ ಮೊದಲೇ ಹೊರಡಿ, ಶಿರಾಡಿ ಘಾಟಿಯನ್ನು ನಂಬಬೇಡಿ. ಇಷ್ಟಾದ ಮೇಲೂ ಏಜೆಂಟ್ ಫೋನ್ ಮಾಡುತ್ತಾನೆ: ಮಗುವಿನ ಫೋಟೊ ಎರಡು, ತಾಯಿಯದ್ದು ಎರಡು, ತಂದೆಯದ್ದು ಎರಡು, ಹಿನ್ನೆಲೆ ಬಿಳಿ ಇರಬೇಕು. ವಾದಕ್ಕೆ ಹೋಗಬೇಡಿ. ಮಗುವಿನ ಫೋಟೊ ತೆಗೆಸಿದ ಸ್ಟುಡಿಯೋದಲ್ಲೇ ಕೇಳಿ. ಬರೀ ಹಿನ್ನೆಲೆಯದ್ದೇ ಎರಡು ಪ್ರತಿ ಹಾಕಿಕೊಡುತ್ತಾರೆ.